ಹೊರಗ ಕಟ್ರಿ ಅಂದಿದ್ದೆ

ಕುದುರೆಗೆ ಮೊದಲು ಬೇಕಾದದ್ದು ಗಾಳಿ. ಮನೆ ಆಮೇಲಿನ ಮಾತು. ಇಷ್ಟನ್ನು ಜನರಿಗೆ ಒಪ್ಪಿಸುವುದು ನನ್ನ ನೌಕರಿಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು. ಎಮ್ಮೆ, ಆಕಳು, ಕುರಿ, ಕೋಳಿ ಎಲ್ಲವನ್ನೂ ನೋಡಿದ್ದೇನೆ. ರಾಯಚೂರು ಜಿಲ್ಲೆಯ ಪಶು ಆಸ್ಪತ್ರೆಗಳಲ್ಲಿ ದಿನವೆಲ್ಲ ಅವುಗಳದೇ ಸಂತೆ. ಕುದುರೆ ಬರುವುದು ಅಪರೂಪ. ಅಪರೂಪಕ್ಕೆ ಬರುವ ಪ್ರಾಣಿಯ ವಿಷಯದಲ್ಲೇ ಎಲ್ಲರೂ ಎಡವುತ್ತಾರೆ. ಈಗ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ನನಗೆ ಫೋನು ಮಾಡಿ ಕೇಳುವುದೂ ಅದನ್ನೇ: "ಸರ್, ಇಲ್ಲೊಬ್ಬರು ಕುದುರೆ ತಂದಿದ್ದಾರೆ, ಎಂಥ ಶೆಡ್ ಹೇಳಲಿ?" ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳುವುದಕ್ಕಿಂತ ಬರೆದಿಡುವುದು ವಾಸಿ.

ನಾನು ಡಾಕ್ಟರಲ್ಲ. ಪಶು ಪರೀಕ್ಷಕನಾಗಿ ನಿವೃತ್ತನಾದವನು. ಅದಕ್ಕೂ ಮೊದಲು ಸೈನ್ಯದಲ್ಲಿ ಕುದುರೆಗಳ ಆರೈಕೆಯ ಕೆಲಸದಲ್ಲಿದ್ದೆ. ಹಾಗಾಗಿ ದೇವದುರ್ಗ, ಮಾನ್ವಿ ಕಡೆಯ ಜನ ನನ್ನನ್ನು 'ಮಿಲ್ಟ್ರಿ ಡಾಕ್ಟ್ರು' ಎಂದೇ ಕರೆದರು. ನಿಜವಾದ ಡಾಕ್ಟರು, ನನ್ನ ಮೇಲಧಿಕಾರಿ ಗುರುಪಾದಯ್ಯನವರು, ಅದನ್ನು ಕೇಳಿದಾಗಲೆಲ್ಲ ನಗುತ್ತಿದ್ದರು. "ನೀವು ಮಿಲ್ಟ್ರಿ ಡಾಕ್ಟ್ರು, ನಾ ಬರೇ ಡಾಕ್ಟ್ರು. ಮೊದಲ ಕುರ್ಚಿ ನಿಮಗ" ಎನ್ನುತ್ತಿದ್ದರು.

ಸೈನ್ಯದಲ್ಲಿ ನಮ್ಮನ್ನು ತಿದ್ದಿದವರು ಒಬ್ಬ ಹಿರಿಯ ಹವಾಲ್ದಾರರು. ಅವರನ್ನು ಉಸ್ತಾದ್ ಎನ್ನುತ್ತಿದ್ದೆವು. ನಸುಕಿನಲ್ಲಿ ಲಾಯದ ಬಾಗಿಲು ಪೂರ್ತಿ ತೆರೆಯುವ ಮೊದಲು ಅವರು ನಮ್ಮಲ್ಲೊಬ್ಬನನ್ನು ಒಳಗೆ ಕಳಿಸಿ, ಕುದುರೆ ಮಲಗುವ ಜಾಗದಲ್ಲಿ ಮಂಡಿಯೂರಿ ಕೂರಿಸುತ್ತಿದ್ದರು. ನಿಂತು ಮೂಸಿದರೆ ಬೈಗುಳ. ಕುದುರೆ ಮೇವು ತಿನ್ನುವ ಎತ್ತರಕ್ಕೆ ಮೂಗು ಇಳಿಸಬೇಕು. ಗಂಜಳದ ಘಾಟಿಗೆ ಕಣ್ಣಲ್ಲಿ ನೀರು ಬಂದರೆ ಆ ಲಾಯ ನಪಾಸು. ಗೋಡೆಗೆ ಎಷ್ಟೇ ಸುಣ್ಣ ಬಳಿದಿರಲಿ, ಬಕೀಟುಗಳನ್ನು ಎಷ್ಟೇ ಸಾಲಾಗಿ ಇಟ್ಟಿರಲಿ, ನಪಾಸು ಎಂದರೆ ನಪಾಸು. ಅವರು ಕಲಿಸಿದ ಕ್ರಮ ನನಗೆ ಇವತ್ತಿಗೂ ಬಾಯಿಪಾಠ. ಮೊದಲು ನೆಲ ನೋಡು, ಆಮೇಲೆ ಗಾಳಿ, ಆಮೇಲೆ ನೆರಳು, ಕಟ್ಟಕಡೆಗೆ ಗೋಡೆ. ನಮ್ಮ ಜನ ಗೋಡೆಯಿಂದ ಶುರು ಮಾಡುತ್ತಾರೆ. ನೆಲದ ನೆನಪು ಕುದುರೆ ಕುಂಟಿದ ಮೇಲೆ ಬರುತ್ತದೆ.

ಊರಿಗೆ ಮರಳಿ ಇಲಾಖೆ ಸೇರಿದಾಗ ರಾಯಚೂರು ನಗರದಲ್ಲಿ ಟಾಂಗಾಗಳು ಇನ್ನೂ ಇದ್ದವು. ಟಾಂಗಾದವರು ಕುದುರೆಗಳನ್ನು ಬೇವಿನ ಮರದ ಕೆಳಗೆ ಕಟ್ಟುತ್ತಿದ್ದರು. ಮೇಲಿನವರಿಗೆ ಅದು ಸರಿ ಕಾಣಲಿಲ್ಲ. ಒಂದು ಯೋಜನೆಯಲ್ಲಿ ಅವರಿಗೊಂದು ಲಾಯ ಕಟ್ಟಿಸುವುದೆಂದಾಯಿತು. ನಕ್ಷೆ ಯಾವುದೋ ತಂಪು ಸೀಮೆಯದು. ದಪ್ಪ ಗೋಡೆ, ಮೇಲುಗಡೆ ಒಂದು ಚಿಕ್ಕ ಕಿಟಕಿ. ಬಾಗಿಲನ್ನು ಮಾತ್ರ ನಮ್ಮೂರ ಗೌಂಡಿ ದನದ ಕೊಟ್ಟಿಗೆಯ ಅಳತೆಗೆ ಇಟ್ಟಿದ್ದ. ಖಾಜಾಸಾಬ್ ಎಂಬ ಹಿರಿಯ ಟಾಂಗಾದವರು ಅದರ ಮುಂದೆ ನಿಂತು ಕೇಳಿದರು: "ಸಾಬ್, ನಮ್ಮ ಕುದುರಿ ನಮಾಜಿಗೆ ಬಗ್ಗಿದಂಗ ಬಗ್ಗಿ ಒಳಗ ಹೋಗಬೇಕೇನ್ರೀ?"

ಗುರುಪಾದಯ್ಯನವರು ಎತ್ತರದ ಆಳು. ಉತ್ತರ ಹೇಳುವ ಅವಸರದಲ್ಲಿ ಒಳಗೆ ಹೆಜ್ಜೆಯಿಟ್ಟರು, ಹಣೆಯನ್ನು ತೊಲೆಗೆ ಬಡಿಸಿಕೊಂಡರು. ಹಣೆ ಒತ್ತಿಕೊಂಡು ಅಲ್ಲೇ ಸ್ವಲ್ಪ ಹೊತ್ತು ನಿಂತರು. "ನನಗೇ ಇಷ್ಟು ಆತು. ಅದಕ್ಕೆಷ್ಟು ಆಗಬೇಡ. ಒಡೀರಿ ಇದನ್ನ" ಎಂದರು. ಅಂಥ ಮೇಲಧಿಕಾರಿ ಸಿಗುವುದು ಪುಣ್ಯ. ಆಕಳು ಬಾಗಿಲಲ್ಲಿ ತಲೆ ತಗ್ಗಿಸುತ್ತದೆ. ಕುದುರೆ ಬೆದರಿದರೆ ತಲೆ ಮೇಲಕ್ಕೆತ್ತುತ್ತದೆ. ಇಷ್ಟು ತಿಳಿದರೆ ಬಾಗಿಲ ಅಳತೆ ತಾನೇ ತಿಳಿಯುತ್ತದೆ.

ಆಟೋಗಳು ಬಂದವು, ಟಾಂಗಾಗಳು ಹೋದವು. ಖಾಜಾಸಾಬರ ಬಳಿ ಕೊನೆಗೆ ಉಳಿದದ್ದು ಒಂದು ಬಿಳಿ ಹೆಣ್ಣು ಕುದುರೆ. ಹೆಸರು ಚಾಂದನಿ. ಮದುವೆ ಮೆರವಣಿಗೆಗೆ ಕರೆದೊಯ್ಯುತ್ತಿದ್ದರು. ಬೇವಿನ ಕೆಳಗೇ ಬೆಳೆದ ಕುದುರೆ ಅದು. ಅವರ ಬಳಿ ಇದ್ದಷ್ಟು ಕಾಲ ಅದಕ್ಕೆ ಕೆಮ್ಮು ಬಂದದ್ದನ್ನು ನಾನು ಕೇಳಿರಲಿಲ್ಲ.

ಆ ಹೊತ್ತಿಗೆ ನನಗೆ ದೇವದುರ್ಗಕ್ಕೆ ವರ್ಗವಾಗಿತ್ತು, ಗುರುಪಾದಯ್ಯನವರೂ ಅಲ್ಲಿಗೇ ಬಂದಿದ್ದರು. ಮಾನ್ವಿಯ ಕೆಲಸವೂ ನನ್ನ ಹೆಗಲಿಗಿತ್ತು. ಮಾನ್ವಿಯಲ್ಲಿ ಚನ್ನಬಸಪ್ಪ ಸಾಹುಕಾರರದೊಂದು ಅಕ್ಕಿ ಗಿರಣಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ನಗು. ಆಸೆಪಟ್ಟು ಒಂದು ಕುದುರೆ ತಂದು ಬಾದಶಾ ಎಂದು ಹೆಸರಿಟ್ಟಿದ್ದರು. ಅದಕ್ಕೆ ಗಿರಣಿಯ ಅಂಗಳದಲ್ಲಿ ಲಾಯ ಕಟ್ಟಿಸಿ, ನೆಲಕ್ಕೆ ಹೊಳೆಯುವ ಟೈಲ್ಸ್ ಹಾಕಿಸಿ, ಮೂಲೆಯಲ್ಲಿ ಏರ್ ಕೂಲರ್ ಇರಿಸಿದ್ದರು. ಕುದುರೆಯ ಕಾಲು ನಡುಗುತ್ತದೆಂದು ನನಗೆ ಕರೆ ಬಂತು.

"ಬರ್ರಿ ಮಿಲ್ಟ್ರಿ ಡಾಕ್ಟ್ರ. ಚಪ್ಪಲಿ ಹೊರಗ ಬಿಡ್ರಿ, ಟೈಲ್ಸ್ ಹೊಸವು ಅದಾವ" ಎಂದರು ಸಾಹುಕಾರರು.

"ಕುದುರಿ ತನ್ನ ಲಾಳ ಹೊರಗ ಬಿಟ್ಟು ಒಳಗ ಬಂದದೇನ್ರಿ?" ಎಂದೆ.

ಅವರು ನಕ್ಕರು. ಬಾದಶಾ ನಗುವ ಸ್ಥಿತಿಯಲ್ಲಿರಲಿಲ್ಲ. ಎಣ್ಣೆ ಚೆಲ್ಲಿದ ಬಂಡೆಯ ಮೇಲೆ ನಿಂತಂತೆ ನಾಲ್ಕೂ ಕಾಲು ಅಗಲಿಸಿಕೊಂಡು ನಿಂತಿತ್ತು.

"ಕ್ಯಾಲ್ಸಿಯಂ ಕಮ್ಮಿ ಆಗಿರಬೇಕ್ರಿ. ಒಂದು ಬಾಟ್ಲಿ ಏರಸ್ರಿ."

"ಬಾಟ್ಲಿ ಬ್ಯಾಡ್ರಿ. ನೆಲಕ್ಕ ಹಾರಿ ಹಾಕಸ್ರಿ. ಇದನ್ನೆಲ್ಲಾ ಕಿತ್ತು ಗರಸು ಮಣ್ಣು ಬಡಸ್ರಿ."

"ನಮ್ಮ ಅಳಿಯಗ ಸೈತ ಇಂಥಾ ರೂಮ್ ಕೊಟ್ಟಿಲ್ರಿ ನಾ. ಕೀಳಂತೀರಲ್ಲ."

ಅವರು ಕೀಳಿಸಲಿಲ್ಲ. ಸ್ವಲ್ಪ ದಿನಗಳಲ್ಲೇ ಬಾದಶಾ ಜಾರಿ ಬಿದ್ದು ಸೊಂಟ ತರಚಿಕೊಂಡಿತು. ಮೂಳೆ ಉಳಿಯಿತು, ಅದೃಷ್ಟ. ಎಬ್ಬಿಸಿ ಹೊರಗೆ ತಂದು ತೂಕದ ಕಟ್ಟೆಯ ಪಕ್ಕದ ಬೇವಿನ ಮರಕ್ಕೆ ಕಟ್ಟಿದೆವು. ಗಿರಣಿಯ ಹೊಟ್ಟಿನ ರಾಶಿ ಮರದ ಇನ್ನೊಂದು ಬದಿಗಿತ್ತು. ಗಾಳಿ ಮರದ ಕಡೆಯಿಂದ ರಾಶಿಯ ಕಡೆಗೆ ಬೀಸುತ್ತಿದೆಯೆಂದು ಒಂದು ಹಿಡಿ ಧೂಳು ತೂರಿ ನೋಡಿಕೊಂಡೆ. "ಗಾಯ ಮಾಯೋ ತನಕ ಇಲ್ಲೇ ಇರಲಿ" ಎಂದು ಹೇಳಿ ಬಂದೆ. ಮುಂದೇನಾಯಿತೆಂದು ಆಗ ಕೇಳಲಿಲ್ಲ.

ಇನ್ನು ಚಾಂದನಿಯ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ದೇವದುರ್ಗದ ಅಂಚಿನಲ್ಲಿ ಒಂದು ಓಣಿ. ಕೂಲಿ ಮಾಡುವವರ ಮನೆಗಳು, ಈಗೀಗ ನೌಕರಿ ಹಿಡಿದ ಮಕ್ಕಳು. ರಾಯಚೂರಿನಲ್ಲಿ ನಾನು ಹುಟ್ಟಿದ್ದೂ ಅಂಥದೇ ಓಣಿಯಲ್ಲಿ. ಆ ಓಣಿಯ ಮದುವೆಗೆ ಊರಿನ ಕುದುರೆಯವರು ಬರುತ್ತಿರಲಿಲ್ಲ. ಒಲ್ಲೆವೆಂದು ಯಾರೂ ಹೇಳುತ್ತಿರಲಿಲ್ಲ. ಎಷ್ಟು ಮೊದಲೇ ಹೋಗಿ ಕೇಳಿದರೂ "ಅವತ್ತು ಬ್ಯಾರೆ ಕಡಿ ಹೇಳ್ಯಾರ್ರಿ" ಎಂಬ ಉತ್ತರ ಸಿದ್ಧವಿರುತ್ತಿತ್ತು. ಓಣಿಯ ಮಾರೆಪ್ಪ ಇದನ್ನು ಕೇಳಿ ಕೇಳಿ ಸಾಕಾಗಿ ರಾಯಚೂರಿಗೆ ಹೋದ. ಖಾಜಾಸಾಬರ ಮೊಣಕಾಲು ಆ ಹೊತ್ತಿಗೆ ಸೋತಿತ್ತು, ಮೆರವಣಿಗೆಯಲ್ಲಿ ನಡೆಯಲಾಗುತ್ತಿರಲಿಲ್ಲ. ಅವರು ಚಾಂದನಿಯನ್ನು ಅವನಿಗೆ ಒಪ್ಪಿಸಿದರು. ಅವನ ಹೆಂಡತಿ ಹನುಮವ್ವನ ತಮ್ಮ ಶಾಲೆಯ ಮಾಸ್ತರನಾಗಿದ್ದ. ಬೇಸಿಗೆಯಲ್ಲಿ ಅವನ ಮದುವೆ. ಓಣಿಯಿಂದ ಕುದುರೆಯ ಮೇಲೆ ಹೊರಡುವ ಮೊದಲನೆಯ ಮದುಮಗ ಅವನೇ ಆಗಬೇಕೆಂದು ಅಕ್ಕ ಪಣ ತೊಟ್ಟಿದ್ದಳು.

ಪ್ರೀತಿಯಿಂದ ತಂದ ಪ್ರಾಣಿ. ಅದನ್ನು ಮನೆಯೊಳಗೇ ಇಟ್ಟುಕೊಂಡರು. ಅವರದು ಮಣ್ಣಿನ ಮಾಳಿಗೆ ಮನೆ. ಮುಂದಿನ ಅಂಕಣದಲ್ಲಿ ಚಾಂದನಿ, ಹಿಂದೆ ಒಲೆ, ಕುದುರೆಯ ನೆತ್ತಿಯ ಮೇಲಿನ ಅಟ್ಟದಲ್ಲಿ ಭತ್ತದ ಹುಲ್ಲು. ಹುಲ್ಲಿಗೆ ಯಾವಾಗಲೋ ನೀರು ತಾಗಿ ಬೂಸಲು ಹಿಡಿದಿತ್ತು. ಗಾಳಿ ಬಡಿದೀತೆಂದು ಬೆಳಕಿಂಡಿಗೆ ಗೋಣಿಚೀಲ ತುರುಕಿದ್ದರು. ಚಳಿಗಾಲ ಮುಗಿಯುವ ಹೊತ್ತಿಗೆ ಕೆಮ್ಮು ಶುರುವಾಯಿತು. ಓಣಿಯ ಹಿರಿಯರೊಬ್ಬರು ಗೊಟ್ಟದಲ್ಲಿ ಎಣ್ಣೆ ಕುಡಿಸಲು ಹೊರಟಿದ್ದರು. ನಾನು ಹೋದದ್ದು ಅಷ್ಟೊತ್ತಿಗೆ. ಬಿದಿರಿನ ಗೊಟ್ಟವನ್ನು ಕೈಯಿಂದ ಇಸಿದುಕೊಂಡು ಮೂಲೆಗಿಟ್ಟೆ. ಎತ್ತಿಗೆ ನಡೆದೀತು. ಕೆಮ್ಮುವ ಕುದುರೆಗೆ ಹಾಗೆ ಕುಡಿಸಿದರೆ ಎಣ್ಣೆ ಹೊಟ್ಟೆಗೆ ಹೋಗುವ ಬದಲು ಪುಪ್ಪುಸಕ್ಕೆ ಇಳಿಯುತ್ತದೆ.

ಆಮೇಲೆ ಉಸ್ತಾದರ ಪಾಠದಂತೆ ಕುದುರೆಯ ಪಕ್ಕ ಮಂಡಿಯೂರಿದೆ.

"ಯಪ್ಪಾ, ಕುದುರಿಗೆ ಶರಣು ಮಾಡಾಕತ್ತೀರೇನು?" ಎಂದಳು ಹನುಮವ್ವ.

"ಶರಣು ಅಲ್ಲವ್ವಾ, ವಾಸನಿ ನೋಡಾಕತ್ತೀನಿ."

ಕಣ್ಣಲ್ಲಿ ನೀರು ಧಾರೆಯಾಗಿ ಬಂತು. ಎದ್ದು ಒರೆಸಿಕೊಂಡೆ. "ಒಳಗ ಬ್ಯಾಡ. ಹೊರಗ ಕಟ್ರಿ. ತಡ ಮಾಡಬ್ಯಾಡ್ರಿ" ಎಂದೆ. ಇಬ್ಬರೂ ತಲೆಯಾಡಿಸಿದರು. ಗುರುಪಾದಯ್ಯನವರು ಬಂದು ಇಂಜೆಕ್ಷನ್ ಕೊಟ್ಟು ಹೋದರು. ನಾನು ಕಾಲುಬಾಯಿ ಬೇನೆಯ ಲಸಿಕೆ ಹಾಕಲು ಹೊಳೆಯ ದಂಡೆಯ ಹಳ್ಳಿಗಳಿಗೆ ಹೊರಟುಹೋದೆ.

ಕನ್ನಡದಲ್ಲಿ ನಾವು ಕುದುರೆಯನ್ನೂ ಕಟ್ಟುತ್ತೇವೆ, ಮನೆಯನ್ನೂ ಕಟ್ಟುತ್ತೇವೆ. ಈ ಸಂಗತಿ ನನಗೆ ಹೊಳೆದದ್ದು ಲಸಿಕೆ ಮುಗಿಸಿ ಮರಳಿದ ದಿನ. ಮಾರೆಪ್ಪ ಓಣಿಯ ತಿರುವಿನಲ್ಲೇ ನನ್ನನ್ನು ಎದುರುಗೊಂಡ. ಮುಖ ಅರಳಿತ್ತು.

"ನೀವು ಹೇಳಿದಂಗ ಕಟ್ಟೀವ್ರಿ."

"ಚಲೋ ಆತು. ಎಲ್ಲಿ ಕಟ್ಟೀರಿ?"

"ಮನಿ ಮಗ್ಗಲದಾಗ. ಬರ್ರಿ ನೋಡಬರ್ರಿ."

ಮನೆಯ ಪಕ್ಕದ ಖಾಲಿ ಜಾಗದಲ್ಲಿ ಒಂದು ತಗಡಿನ ಪೆಟ್ಟಿಗೆ ನಿಂತಿತ್ತು. ನಾಲ್ಕೂ ಕಡೆ ತಗಡು, ಮೇಲೂ ತಗಡು, ಚಿಲಕವಿದ್ದ ಬಾಗಿಲು, ಬಾಗಿಲಿಗೆ ಮಾವಿನ ತೋರಣ. ಬೀದಿಯ ಕಡೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ 'ಚಾಂದನಿ' ಎಂದು ದೊಡ್ಡದಾಗಿ ಬರೆಸಿದ್ದರು. ಅಕ್ಷರ ಮಾಸ್ತರನವು, ಗುಂಡಾಗಿದ್ದವು. ನಾನು ತಗಡಿನ ಮೇಲೆ ಕೈಯಿಟ್ಟೆ. ಕೂಡಲೇ ತೆಗೆದೆ. ಒಳಗೆ ಚಾಂದನಿ ಮೂಗಿನ ಹೊಳ್ಳೆ ಅರಳಿಸಿಕೊಂಡು, ಪಕ್ಕೆ ಎಳೆದೆಳೆದು ಉಸಿರಾಡುತ್ತಿತ್ತು. ಕುತ್ತಿಗೆಯ ಬೆವರು ಕಪ್ಪು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಮಾರೆಪ್ಪಾ, ನಾ ಹೊರಗ ಕಟ್ರಿ ಅಂದಿದ್ದೆ" ಎಂದೆ.

"ಹೌದಲ್ರೀ. ಕಟ್ಟೀವಲ್ಲ."

"ಕುದುರಿ ಕಟ್ರಿ ಅಂದಿದ್ದೆ. ಮನಿ ಅಲ್ಲ."

ಮನೆಯ ಬಾಗಿಲಲ್ಲಿ ನಿಂತಿದ್ದ ಹನುಮವ್ವ ಮುಂದೆ ಬಂದಳು. "ಕುದುರಿ ಹೊರಗ ಕಟ್ಟು ಅಂತ ಹೇಳಾಕ ಮಿಲ್ಟ್ರಿ ಡಾಕ್ಟ್ರು ಯಾಕ ಬೇಕ್ರಿ? ಕತ್ತೆ ಕಟ್ಟಿದಂಗ ಗೂಟ ಬಡದು ಕಟ್ಟತಿದ್ದೆವು. ಅದಕ್ಕ ಅಲ್ಲ ನಾವು ಈಕಿನ್ನ ತಂದಿದ್ದು."

"ಗ್ವಾಡಿ ತೆಗೀಬೇಕವ್ವಾ. ಇಲ್ಲಂದ್ರ ಈಕಿ ಉಳಿಯಂಗಿಲ್ಲ."

"ಗ್ವಾಡಿ ಇಲ್ಲದ್ದು ಮನಿ ಏನ್ರೀ? ಊರಾಗ ಏನಂತಾರ ಗೊತ್ತದೇನು? ಈ ಓಣಿಯವರಿಗೆ ಕುದುರಿ ಯಾಕ, ಅದಕ್ಕೊಂದು ಗ್ವಾಡಿ ಹಾಕೋ ತಾಕತ್ತಿಲ್ಲ ಅಂತಾರ. ಅನ್ನಾಕ ಕಾಯಾಕತ್ತಾರ."

ಅವಳು ಹೇಳಿದ್ದು ಸುಳ್ಳಲ್ಲ. ನೆಲ, ಗಾಳಿ, ನೆರಳು, ಗೋಡೆ ಎಂಬ ನನ್ನ ಪಟ್ಟಿಯಲ್ಲಿ 'ಊರ ಮಾತು' ಎಂಬುದಕ್ಕೆ ಜಾಗವಿರಲಿಲ್ಲ. ಉಸ್ತಾದರು ಅದನ್ನು ಕಲಿಸಿರಲಿಲ್ಲ.

ಗುರುಪಾದಯ್ಯನವರು ಮತ್ತೆ ಬಂದು ಎದೆಗೆ ಕೊಳವೆಯಿಟ್ಟು ಕೇಳಿದರು. ಔಷಧದ ಬಲದಲ್ಲಿ ನಾಲ್ಕು ದಿನ ತಳ್ಳಬಹುದು, ಈ ಗಾಳಿಯಲ್ಲೇ ಇದ್ದರೆ ಮದುವೆ ಮೆರವಣಿಗೆಯಲ್ಲ, ಬಾವಿಯ ತನಕವೂ ನಡೆಯಲಾರದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಸದ್ಯಕ್ಕೆ ಹಗಲು ಬಾಗಿಲು ತೆರೆದಿಡಲು ಹನುಮವ್ವ ಒಪ್ಪಿದಳು. ಗೋಡೆಯ ಮಾತಿಗೆ ಒಪ್ಪಲಿಲ್ಲ.

ಎರಡು ದಿನ ಬಿಟ್ಟು ಮಾರೆಪ್ಪ ಆಸ್ಪತ್ರೆಗೆ ಬಂದ. ಮೊಬೈಲಿನಲ್ಲಿ ಒಂದು ಹಳೆಯ ವಿಡಿಯೋ ತೋರಿಸಿದ. ಚನ್ನಬಸಪ್ಪ ಸಾಹುಕಾರರ ಲಾಯದ್ದು. ಹೊಳೆಯುವ ಟೈಲ್ಸ್, ಕೂಲರ್, ನಡುವೆ ಹಾರ ಹಾಕಿಕೊಂಡ ಬಾದಶಾ.

"ಸಾಹುಕಾರ್ರನ್ನ ಕೇಳೀನ್ರಿ. ಒಯ್ಕೊಂಡು ಬಾ ಅಂದಾರ. ನಮ್ಮ ಕೈಯಾಗ ಸಾಯೋದಕಿಂತ ಅಲ್ಲಿ ಬದುಕಲಿ. ಮದುವಿಗೆ ಮಾಸ್ತರ ನಡಕೊಂಡು ಹೋಗತಾನ. ಇಷ್ಟು ದಿನ ಎಲ್ಲಾರೂ ನಡದಾರಲ್ಲ."

ಕೊನೆಯ ಮಾತು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಟೈಲ್ಸಿನ ಕತೆ ನನಗೆ ಗೊತ್ತಿತ್ತು. ಆದರೆ ಬಾಯಿಮಾತು ಒಮ್ಮೆ ಎಡವಟ್ಟಾಗಿತ್ತು, ಇನ್ನೊಮ್ಮೆ ಅದನ್ನು ನಂಬುವ ಮನಸ್ಸಾಗಲಿಲ್ಲ. "ಹೆಣ್ಣು ಕೊಡೋರು ಮೊದಲ ಮನಿ ನೋಡಾಂಗಿಲ್ಲೇನು? ಹನುಮವ್ವನ್ನ ಕರಕೊಂಡು ಬಾ. ಮೂರೂ ಮಂದಿ ಹೋಗಿ ನೋಡಿ ಬರೋಣು" ಎಂದೆ.

ಸಿರವಾರದಲ್ಲಿ ಬಸ್ಸು ಬದಲಿಸಿ ಮಾನ್ವಿ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಗಿರಣಿಯ ಅಂಗಳಕ್ಕೆ ಕಾಲಿಟ್ಟ ಹನುಮವ್ವ ಬೇವಿನ ಮರದ ಹತ್ತಿರ ನಿಂತುಬಿಟ್ಟಳು. ಬಾದಶಾ ಅಲ್ಲೇ ಇತ್ತು. ಒಂದು ಹಿಂಗಾಲು ಸಡಿಲಿಸಿ, ಕಣ್ಣು ಅರ್ಧ ಮುಚ್ಚಿ, ಬಾಲದಿಂದ ನೊಣ ಓಡಿಸುತ್ತ ಆರಾಮಾಗಿ ನಿಂತಿತ್ತು. ಮರದ ಕೆಳಗಿನ ನೆಲಕ್ಕೆ ಗರಸು ಬಡಿದಿದ್ದರು. ಉಸಿರು ಬಂದದ್ದು ಹೋದದ್ದು ಕಾಣುತ್ತಿರಲಿಲ್ಲ, ಅಷ್ಟು ಹಗುರ.

"ಇದು ಹೊರಗ ಯಾಕ ಅದ?" ಎಂದಳು.

ಅಲ್ಲಿದ್ದ ಹಮಾಲರೊಬ್ಬರನ್ನು ಸಾಹುಕಾರರು ಎಲ್ಲಿ ಎಂದು ಕೇಳಿದೆ. ಅವರು ಗದ್ದದಿಂದಲೇ ಲಾಯದ ಕಡೆ ತೋರಿಸಿ ನಕ್ಕರು.

ಲಾಯದ ನಡುವೆ ಒಂದು ಮಂಚ. ಮಂಚದ ಮೇಲೆ ಚನ್ನಬಸಪ್ಪ ಸಾಹುಕಾರರು, ಬನಿಯನ್ ಮತ್ತು ಧೋತರದಲ್ಲಿ, ಕೂಲರಿಗೆ ಮುಖ ಕೊಟ್ಟು ನಿದ್ದೆಯಲ್ಲಿದ್ದರು. ಕುದುರೆ ಮೇವು ತಿನ್ನಬೇಕಾದ ಗ್ವಾದಲಿಯಲ್ಲಿ ಅವರ ನೀರಿನ ತಂಬಿಗೆ, ಕನ್ನಡಕ, ವಿಭೂತಿ ಗಟ್ಟಿ. ನಮ್ಮ ಸಪ್ಪಳಕ್ಕೆ ಎಚ್ಚರವಾಗಿ ಎದ್ದು ಕೂತರು. ನಾಚಿಕೆಯಾದರೂ ರೂಢಿ ಬಿಡಲಿಲ್ಲ.

"ಬರ್ರಿ ಬರ್ರಿ. ಚಪ್ಪಲಿ ಹೊರಗ ಬಿಡ್ರಿ."

ಹನುಮವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ತಡೆಯಲಾಗಲಿಲ್ಲ. "ಕುದುರಿ ಹೊರಗ, ಸಾಹುಕಾರ್ರು ಗ್ವಾದ್ಲ್ಯಾಗ" ಎಂದು ನಗತೊಡಗಿದಳು. ಮಾರೆಪ್ಪ ಗಾಬರಿಯಿಂದ ಅವಳ ಮೊಣಕೈ ಜಗ್ಗಿದ. ಸಾಹುಕಾರರೂ ನಕ್ಕರು.

"ಏನ್ ಮಾಡಲೆವ್ವಾ. ಗಾಯ ಮಾಯಲಿ ಅಂತ ಗಿಡಕ್ಕ ಕಟ್ಟಿದ್ದೆವು. ಗಾಯ ಮಾದ ಮ್ಯಾಲೆ ಒಳಗ ತರಾಕ ಹೋದ್ರ ಬಾಗಲದಾಗ ನಿಂತು ನನ್ನಽ ನೋಡಾಕತ್ತು. ಒಳಗ ಹೆಜ್ಜಿ ಇಡವಲ್ದು. ಕಟ್ಟಿಸಿದ ರೂಮ್ ಖಾಲಿ ಬಿಡಬಾರ್ದಲ್ಲ."

ಹನುಮವ್ವನ ನಗು ನಿಂತಿತು. "ಸಾಹುಕಾರ್ರೇ, ಒಂದು ಕೇಳತೀನಿ. ಕುದುರಿ ಗಿಡದ ಕೆಳಗ ಕಟ್ಟಿದ್ರ ಮಂದಿ ಏನೂ ಅನ್ನಲಿಲ್ಲೇನ್ರಿ?"

"ನನಗ ಯಾರು ಏನಂತಾರವ್ವಾ?"

"ಹೌದ್ರಿ" ಎಂದಳು ಅವಳು. "ನಿಮಗ ಯಾರೂ ಏನೂ ಅನ್ನಂಗಿಲ್ಲ."

ಸಾಹುಕಾರರು ಕನ್ನಡಕ ತೆಗೆದುಕೊಂಡು ಒರೆಸಿದರು, ಹಾಕಿಕೊಳ್ಳಲಿಲ್ಲ. ಮಾರೆಪ್ಪನ ಕಡೆ ತಿರುಗಿ, "ನಿಮ್ಮ ಕುದುರಿ ನಿಮ್ಮ ಕಡೀನೇ ಇರಲಪ್ಪ. ನನ್ನ ಲಾಯದಾಗ ನನಗೇ ಜಾಗ ಸಾಲವಲ್ದು" ಎಂದರು. ಕೂರಿಸಿ ಮಜ್ಜಿಗೆ ಕುಡಿಸಿ ಕಳಿಸಿದರು.

ಮರಳುವಾಗ ಸಿರವಾರದ ನಿಲ್ದಾಣದಲ್ಲಿ ದೇವದುರ್ಗದ ಬಸ್ಸಿಗೆ ಕಾಯುತ್ತ ಕೂತಿದ್ದೆವು. ಹನುಮವ್ವ ಎಲೆಗೆ ಸುಣ್ಣ ಹಚ್ಚುತ್ತ, ಎಲೆಗೇ ಹೇಳುವಂತೆ ಹೇಳಿದಳು: "ಒಂದು ಗ್ವಾಡಿ ತೆಗೀತೀನಿ. ಒಂದೇ."

"ಒಂದೇ ಸಾಕವ್ವಾ" ಎಂದೆ. ಮಾರೆಪ್ಪ ಏನೋ ಹೇಳಲು ಬಾಯಿ ತೆರೆದ. ನಾನು ಅವನ ಕಾಲು ಮೆಟ್ಟಿದೆ.

ಮೊದಲು ಬಿಚ್ಚಿದ್ದು ಮೂಡಣ ದಿಕ್ಕಿನದು, ಬೆಳಗಿನ ಬೆಳಕು ಬರುವ ಕಡೆಯದು. ಅದು ಹಿತ್ತಲ ಕಡೆಗಿತ್ತು, ಬೀದಿಗೆ ಕಾಣುತ್ತಿರಲಿಲ್ಲ. ಬಿಚ್ಚಿದ ದಿನವೇ ಚಾಂದನಿ ಆ ಕಡೆಗೆ ಮುಖ ತಿರುಗಿಸಿ ನಿಂತಿತು, ಮತ್ತೆ ಕದಲಲಿಲ್ಲ. ಕೆಲವು ದಿನ ನೋಡಿದ ಹನುಮವ್ವ ಬಡಗಣದ್ದನ್ನೂ ತೆಗೆಯಲು ಹೇಳಿದಳು. ತೆಂಕಣದ್ದನ್ನು ತೆಗೆಯುವಾಗ ನನ್ನನ್ನು ಕೇಳಲೂ ಇಲ್ಲ. ಬೀದಿಯ ಕಡೆಗಿದ್ದ ಪಡುವಣ ಗೋಡೆಗೆ ಮಾತ್ರ ಕೈ ಹಚ್ಚಗೊಡಲಿಲ್ಲ. ನಾನೂ ಹಚ್ಚಬೇಡಿ ಎಂದೆ. ನಮ್ಮ ಸೀಮೆಯಲ್ಲಿ ಮಧ್ಯಾಹ್ನದ ಮೇಲಿನ ಬಿಸಿಲು ಹೊಡೆಯುವುದು ಆ ಕಡೆಯಿಂದ, ಮುಂಗಾರಿನ ಇರಚಲು ಬರುವುದೂ ಆ ಕಡೆಯಿಂದ. ಬೇಕಾದ ಒಂದು ಗೋಡೆ ಅದೇ. ಬೀದಿಯಲ್ಲಿ ಹೋಗುವವರಿಗೆ ನೀಲಿ ಅಕ್ಷರದ ಗೋಡೆ ಕಾಣುತ್ತಿತ್ತು. ಗೋಡೆಯ ಆಚೆ ಕುದುರೆಗೆ ಮೂರು ದಿಕ್ಕಿನ ಗಾಳಿ ಸಿಗುತ್ತಿತ್ತು.

ಚಾವಣಿಯ ತಗಡನ್ನು ಎತ್ತರಿಸಿ, ಅದರ ಮೇಲೆ ಜೋಳದ ದಂಟು ಹೊದಿಸಿ ಹಗ್ಗ ಬಿಗಿದೆವು. ಬಿಚ್ಚಿದ ತಗಡುಗಳಿಂದ ಸೂರನ್ನು ಮುಂದಕ್ಕೆ ಚಾಚಿದೆವು. ಚಳಿಗೆ ಬೇಕಾದರೆ ನಿಲ್ಲಿಸಿ, ಬೇಡವಾದಾಗ ಎತ್ತಿಡಲು ಮಾರೆಪ್ಪ ಒಣಗಿದ ಹತ್ತಿಕಟ್ಟಿಗೆಯ ತಟ್ಟಿಗಳನ್ನು ಹೆಣೆದ. ಎರೆಮಣ್ಣನ್ನು ತೋಡಿ ಹಾಕಿ ಗರಸು ತುಂಬಿಸಿ, ಹಿಂದಕ್ಕೆ ಇಳಿಜಾರು ಕೊಟ್ಟು ಬಡಿಸಿದೆವು. ಎರೆ ನೆಲದಲ್ಲಿ ಇದನ್ನು ತಪ್ಪಿಸಿದರೆ ಮೊದಲ ಮಳೆಗೇ ಗೊರಸು ಕೊಳೆಯುತ್ತದೆ. ಬೂಸಲು ಹುಲ್ಲನ್ನು ತಿಪ್ಪೆಗೆ ಹಾಕಿಸಿದೆ. ಒಳ್ಳೆಯ ಹುಲ್ಲನ್ನೂ ನೀರು ಚಿಮುಕಿಸಿಯೇ ಕೊಡಬೇಕು, ಧೂಳು ಮೂಗಿಗೆ ಹೋಗಬಾರದು. ಕೆಮ್ಮು ಒಂದೇ ಸಲಕ್ಕೆ ಹೋಗಲಿಲ್ಲ. ಒಂದು ದಿನ ಇಲ್ಲವೆಂದರೆ ಮರುದಿನ ಇರುತ್ತಿತ್ತು. ಮದುವೆ ಹತ್ತಿರ ಬಂತು. ಗುರುಪಾದಯ್ಯನವರು ಮುಂಗಡವಾಗಿ ಮಾತು ಕೊಡಲಿಲ್ಲ. "ಅವತ್ತು ಮುಂಜಾನೆ ನೋಡಿ ಹೇಳತೀನಿ" ಎಂದಷ್ಟೇ ಹೇಳಿದರು.

ಅವತ್ತು ಮುಂಜಾನೆ ಬಂದು ಚಾಂದನಿಯನ್ನು ಓಣಿಯ ಉದ್ದಕ್ಕೂ ಎರಡು ಸಲ ನಡೆಸಿ, ಪಕ್ಕೆಗೆ ಕಿವಿಯಿಟ್ಟರು. ಓಣಿಗೆ ಓಣಿಯೇ ಬಾಗಿಲಲ್ಲಿ ನಿಂತಿತ್ತು. "ನಡೀಲಿ" ಎಂದರು. "ಕುಣಿಸಬಾರ್ದು, ಓಡಿಸಬಾರ್ದು. ಮುಂದ ಪಟಾಕಿ ಹಚ್ಚಬಾರ್ದು. ಬ್ಯಾಂಡಿನವರು ಸಾವಕಾಶ ಬಾರಸಲಿ."

ಹಾಗಾಗಿ ದೇವದುರ್ಗದಲ್ಲಿ ಅಷ್ಟು ಸಾವಕಾಶದ ಮೆರವಣಿಗೆಯನ್ನು ಯಾರೂ ನೋಡಿರಲಾರರು. ಇಳಿಹೊತ್ತಿಗೆ ಹೊರಟೆವು. ಮಾರೆಪ್ಪ ಲಗಾಮು ಹಿಡಿದಿದ್ದ. ಹನುಮವ್ವ ರೇಷ್ಮೆ ಸೀರೆಯುಟ್ಟು, ಮದುಮಗನ ಅಕ್ಕನಾಗಿ ಆರತಿ ಹಿಡಿಯುವುದನ್ನು ಬೇರೆಯವರಿಗೆ ಬಿಟ್ಟು, ಕುದುರೆಯ ಮೂಗಿನ ಪಕ್ಕದಲ್ಲೇ ನಡೆದಳು. ಬಜಾರಿನ ತಿರುವಿನಲ್ಲಿ ಚಾಂದನಿ ನಿಂತಿತು. ತಲೆ ಕೆಳಗೆ ಮಾಡಿತು. ಪಕ್ಕೆ ಒಮ್ಮೆ ಹಿಗ್ಗಿತು. ಬ್ಯಾಂಡಿನವರು ನಿಲ್ಲಿಸಿದರು. ಅಂಗಡಿಗಳ ಮುಂದೆ ನಿಂತವರೆಲ್ಲ ನೋಡುತ್ತಿದ್ದರು.

"ಅಕ್ಕಾ, ನಾ ಇಳೀಲೇನು?" ಎಂದ ಮೇಲಿನಿಂದ ಮಾಸ್ತರ.

"ಇಳದ್ರ ಕಾಲು ಮುರೀತೀನಿ. ಸುಮ್ಮನ ಕುಂದ್ರು."

ಚಾಂದನಿ ಫುರ್ರೆಂದು ಮೂಗು ಝಾಡಿಸಿತು. ಹನುಮವ್ವನ ರೇಷ್ಮೆ ಸೀರೆಯ ಮೇಲೆಲ್ಲ ಹನಿ. ಅವಳು ಬಾಗಿ ಅದರ ಮೂಗಿಗೆ ಕಿವಿ ಹಚ್ಚಿದಳು. ಎದ್ದು ನಿಂತು ಮುಖ ಒರೆಸಿಕೊಂಡಳು. "ಏನಿಲ್ಲ. ಮೂಗು ಝಾಡಿಸಿದ್ಲು. ಬಾರಸ್ರಿ" ಎಂದಳು. ಕಲ್ಯಾಣ ಮಂಟಪದ ತನಕ ಚಾಂದನಿ ಒಮ್ಮೆಯೂ ಕೆಮ್ಮಲಿಲ್ಲ. ಮಾಸ್ತರ ಇಳಿಯುವಾಗ ಕಾಲು ಜೋಮು ಹಿಡಿದು, ಇಬ್ಬರು ಎತ್ತಿ ಇಳಿಸಬೇಕಾಯಿತು.

ಈಗಿನವರಿಗೆ ಅನುಕೂಲಗಳಿವೆ. ಮನೆಯಲ್ಲೇ ಕೂತು ಫೋಟೋ ತರಿಸಿ ಶೆಡ್ ನೋಡುತ್ತಾರೆ, ಉದ್ದಗಲ ಹೇಳುತ್ತಾರೆ. ನಾನು ಅದನ್ನು ಹಳಿಯುವುದಿಲ್ಲ, ನನಗೂ ಫೋಟೋಗಳು ಬರುತ್ತವೆ. ಫೋಟೋದಲ್ಲಿ ವಾಸನೆ ಬರುವುದಿಲ್ಲ ಎಂಬುದೊಂದು ನೆನಪಿರಲಿ. ಹೋಗಿ ಮಂಡಿಯೂರಿ. ಗೋಡೆ ತೆಗೆಯಿರಿ ಎನ್ನುವ ಮೊದಲು ಆ ಗೋಡೆಯನ್ನು ಯಾತಕ್ಕೆ ಹಾಕಿದ್ದಾರೆಂದು ಕೇಳಿ. ಕುದುರೆಯ ಸಲುವಾಗಿ ಹಾಕಿರದಿದ್ದರೆ ಆ ಗೋಡೆಯನ್ನು ಒಂದೇ ದಿನಕ್ಕೆ ತೆಗೆಸಲು ಹೋಗಬೇಡಿ. ಸಾಧ್ಯವಾದರೆ ಕುದುರೆಯ ಹಗ್ಗ ಬಿಚ್ಚಿ, ಅದು ತಾನಾಗಿ ಎಲ್ಲಿ ನಿಲ್ಲುತ್ತದೆ ನೋಡಿ. ಬಹಳ ಸಲ ಅದೇ ಸರಿಯಾದ ಜಾಗವಾಗಿರುತ್ತದೆ. ಯಾರಿಗೇ ಆಗಲಿ, 'ಕಟ್ರಿ' ಎಂದು ಹೇಳಿ ಎದ್ದು ಬರಬೇಡಿ. ಏನನ್ನು ಎಂದು ಹೇಳಿ.

ಆ ವರ್ಷದ ಮೊದಲ ದೊಡ್ಡ ಮಳೆ ಬಂದಾಗ ನಾನು ಅದೇ ಓಣಿಯಲ್ಲಿದ್ದೆ. ಹನುಮವ್ವನ ಮನೆಯ ಬಾಗಿಲಲ್ಲಿ ಚಹಾ ಕುಡಿಯುತ್ತ ನಿಂತಿದ್ದೆವು. ಚಾಂದನಿಯನ್ನು ಆಗ ಕಟ್ಟುತ್ತಿರಲಿಲ್ಲ, ಹಿತ್ತಲಿಗೂ ಮನೆಯ ಪಕ್ಕದ ಜಾಗಕ್ಕೂ ಸೇರಿಸಿ ಬೇಲಿ ಹಾಕಿ ಬಿಡುತ್ತಿದ್ದರು. ಎತ್ತರದ ಚಾವಣಿ, ಚಾಚಿದ ಸೂರು, ಒಣಗಿದ ಗರಸಿನ ನೆಲ ಎಲ್ಲ ಖಾಲಿ ಇತ್ತು. ಚಾಂದನಿ ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು, ತಲೆ ತಗ್ಗಿಸಿ, ಸುಖವಾಗಿ ನೆನೆಯುತ್ತ ನಿಂತಿತ್ತು.

"ನೋಡ್ರಿ ಯಪ್ಪಾ ಈಕಿನ್ನ. ಇಷ್ಟೆಲ್ಲಾ ಮಾಡಿಸಿಕೊಂಡು ಹೊರಗ ನಿಂತಾಳ" ಎಂದಳು.

"ನಿಲ್ಲಲಿ ಬಿಡವ್ವಾ. ಬ್ಯಾಸರ ಆದ್ರ ಒಳಗ ಬರತಾಳ."

ಬೀದಿಯಲ್ಲಿ ಛತ್ರಿ ಹಿಡಿದು ಹೋಗುತ್ತಿದ್ದ ಬಜಾರಿನವನೊಬ್ಬ ಬೇಲಿಯ ಹತ್ತಿರ ನಿಂತು ಕೂಗಿದ: "ಏನವ್ವಾ, ಮನಿ ಕಟ್ಟೀರಿ, ಹೆಸರು ಬರಸೀರಿ, ಕುದುರಿ ನೋಡಿದ್ರ ಮಳ್ಯಾಗ ನೆನ್ಯಾಕತ್ತದ?"

ಹನುಮವ್ವ ಚಹಾದ ಬಟ್ಟಲನ್ನು ಕೆಳಗಿಡಲಿಲ್ಲ, ಸೆರಗನ್ನೂ ಸರಿಮಾಡಿಕೊಳ್ಳಲಿಲ್ಲ.

"ಅಕಿ ಮನಿ, ಅಕಿ ಮರ್ಜಿ" ಎಂದಳು. "ನೀ ನಿನ್ನ ಛತ್ರಿ ನೋಡ್ಕೋ, ಸೋರಾಕತ್ತದ."